ದಪ್ಪ ಗೋಡೆಯ ನಂಬಿಕೆ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಾವು ಮರಾಠವಾಡಾ ಮುಕ್ತಿಸಂಗ್ರಾಮ ದಿನವನ್ನು ಆಚರಿಸುತ್ತೇವೆ. ಅದೇ ದಿನ ಗಡಿಯ ಆಚೆ ಬೀದರ, ಕಲಬುರಗಿಗಳಲ್ಲಿಯೂ ಧ್ವಜವೇರುತ್ತದೆ. ಮಾಕಣಿ, ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡಿಗರಿಗೆ ಇದು ಎರಡು ರಾಜ್ಯಗಳು ಒಟ್ಟಿಗೆ ನೆನೆಯುವ ಒಂದೇ ದಿನ. ಆದರೆ ಆ ದಿನದ ಭಾಷಣಗಳಲ್ಲಿ ಒಂದು ಸಂಗತಿ ಹೆಚ್ಚಾಗಿ ಕೇಳಿಬರುವುದಿಲ್ಲ. ನಿಜಾಮನ ಆಳ್ವಿಕೆಯನ್ನು ಕೊನೆಗಾಣಿಸಿದ ಸೇನೆಯ ಕವಚವಾಹನಗಳು ಸಾಗಿದ ಮುಖ್ಯ ದಾರಿ ನಮ್ಮ ಊರುಗಳ ಪಕ್ಕದ ಸೊಲ್ಲಾಪುರ-ಹೈದರಾಬಾದ್ ರಸ್ತೆಯೇ ಆಗಿತ್ತು.

1948ರ ಸೆಪ್ಟೆಂಬರ್ 13ರ ಬೆಳಗ್ಗೆ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಪಡೆ ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗದ ಬಳಿ ಬೋರಿ ನದಿಯ ಸೇತುವೆಯನ್ನು ಅದು ಒಡೆಯುವ ಮುನ್ನವೇ ವಶಪಡಿಸಿಕೊಂಡಿತು. ಒಂಬತ್ತು ಗಂಟೆಗೆ ಕವಚದಳ ಜಳಕೋಟದಲ್ಲಿತ್ತು. ಮಧ್ಯಾಹ್ನ ಮೂರೂಕಾಲಿಗೆ, ಗಡಿಯಿಂದ ಸುಮಾರು 61 ಕಿಲೋಮೀಟರ್ ಒಳಗಿನ ಉಮರ್ಗಾದಲ್ಲಿತ್ತು. ಆದಿಲ್‌ಶಾಹಿ ಕಾಲದಿಂದ ಎಷ್ಟೋ ಮುತ್ತಿಗೆಗಳನ್ನು ಕಂಡ ನಳದುರ್ಗದ ಕೋಟೆ, ಅದರ ಬುರುಜುಗಳು, ಅದರ ಕಂದಕದಂತೆ ಹರಿಯುವ ಬೋರಿ, ಇವೆಲ್ಲ ಒಂದು ಮುಂಜಾನೆಯೊಳಗೆ ಯುದ್ಧದ ಲೆಕ್ಕದಿಂದ ಹೊರಬಿದ್ದವು. ಮರುದಿನ ಪಡೆ ರಾಜೇಶ್ವರವನ್ನು ತಲುಪಿತು. ಸೆಪ್ಟೆಂಬರ್ 17ರಂದು ಹೈದರಾಬಾದು ಶಸ್ತ್ರ ಕೆಳಗಿಟ್ಟಿತು.

ಆ ಐದು ದಿನಗಳಲ್ಲಿ ಟ್ಯಾಂಕುಗಳನ್ನು ತಡೆದದ್ದು ಯಾವುದು? ಲೋಹಾರಾದ ಕಡೆಗೆ ಹೊರಟ ತುಕಡಿಯನ್ನು ತಡೆದದ್ದು ಮಳೆಗಾಲದ ತುಂಬಿದ ನದಿ. ಜಹೀರಾಬಾದಿನ ದಾರಿಯಲ್ಲಿ ನೆಲದಲ್ಲಿ ಹೂತ ಸಿಡಿಮದ್ದು. ಪೂರ್ವದಲ್ಲಿ ಸೂರ್ಯಾಪೇಟೆಯ ಕಡೆ, ಟ್ಯಾಂಕು ದಾಟಬಾರದೆಂದು ತೋಡಿದ ಕಂದಕ. ನೀರು, ಮಣ್ಣು, ಮದ್ದು, ಇಷ್ಟೇ. ದೂರದಲ್ಲಿ ಕುಳಿತು ಟ್ಯಾಂಕನ್ನು ಗುರುತಿಟ್ಟು ಹೊಡೆಯುವ ಸಾಧನವೊಂದು ನಿಜಾಮನ ಪಡೆಯ ಬಳಿ ಇರಲಿಲ್ಲ. ಸಿಡ್ನಿ ಕಾಟನ್ ಎಂಬ ವೈಮಾನಿಕ ಕರಾಚಿಯಿಂದ ಕದ್ದು ತಂದು ಬೀದರದ ವಿಮಾನ ನಿಲ್ದಾಣದಲ್ಲಿ ಇಳಿಸಿದ ಶಸ್ತ್ರಗಳು ಈ ಕೊರತೆಯನ್ನು ತುಂಬಲಿಲ್ಲ.

ಅದೇ ಹೆದ್ದಾರಿಯ ಕೊನೆಯಲ್ಲಿರುವ ಹೈದರಾಬಾದು ಇಂದು ದೇಶದ ಕ್ಷಿಪಣಿಗಳ ಊರು. ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳೂ ಭಾರತ್ ಡೈನಾಮಿಕ್ಸ್ ಕಾರ್ಖಾನೆಯೂ ಅಲ್ಲಿವೆ. ಟ್ಯಾಂಕಿನ ಮೇಲ್ಭಾಗಕ್ಕೆ ಎರಗುವ ನಾಗ್ ಕ್ಷಿಪಣಿ ರೂಪುಗೊಂಡದ್ದು ಅಲ್ಲಿಯೇ. 1948ರಲ್ಲಿ ಯಾವ ನಗರದ ಮೇಲೆ ಟ್ಯಾಂಕುಗಳು ನಡೆದವೋ ಅದೇ ನಗರ ಇಂದು ಟ್ಯಾಂಕುಗಳನ್ನು ಸುಡುವ ವಿದ್ಯೆಯನ್ನು ಕಲಿತಿದೆ. ಈ ವಿದ್ಯೆ ನಮ್ಮಲ್ಲಿ ಮಾತ್ರವೇ ಇದ್ದಿದ್ದರೆ ಹೆಮ್ಮೆಯಷ್ಟೇ ಸಾಕಿತ್ತು. ಅದು ಜಗತ್ತಿನಲ್ಲೆಲ್ಲ ಹರಡಿದೆ. ಆದ್ದರಿಂದ ವಾಹನದೊಳಗೆ ಕೂರುವ ನಮ್ಮ ಹುಡುಗರ ಬಗ್ಗೆ ವಿಚಾರಿಸುವುದು ಅನಿವಾರ್ಯವಾಗಿದೆ.

ಈ ವಿಚಾರಕ್ಕೆ ನಮ್ಮ ಸೀಮೆಯ ಜನರಿಗೆ ಯುದ್ಧಶಾಸ್ತ್ರದ ಗ್ರಂಥ ಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ನೆನಪು ಸಾಕು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಅವರನ್ನು ಕೊಂದದ್ದು ಭೂಮಿಯ ನಡುಕಕ್ಕಿಂತ ಹೆಚ್ಚಾಗಿ ಅವರದೇ ಮನೆಗಳು. ಎರಡು ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಅದರ ಮೇಲೆ ವರ್ಷ ವರ್ಷವೂ ಮಣ್ಣು ಹೇರಿ ಭಾರವಾದ ಮಾಳಿಗೆ. ಬಿಸಿಲಿನಿಂದ, ಕಳ್ಳರಿಂದ ಕಾಯಲೆಂದು ಹಿರಿಯರು ಕಟ್ಟಿದ ದಪ್ಪವೇ ಮಲಗಿದವರ ಮೇಲೆ ಕುಸಿಯಿತು. ಬಡವರ ಗುಡಿಸಲುಗಳೂ ತಗಡಿನ ಮನೆಗಳೂ ಎಷ್ಟೋ ಕಡೆ ನಿಂತೇ ಇದ್ದವು. ಒಂದು ಅಪಾಯಕ್ಕೆಂದು ಕಟ್ಟಿದ ಕವಚ ಇನ್ನೊಂದು ಅಪಾಯ ಬಂದಾಗ ತಾನೇ ಆಯುಧವಾಗುತ್ತದೆ ಎಂಬುದು ನಾವು ಬಹಳ ದೊಡ್ಡ ಬೆಲೆ ತೆತ್ತು ಕಲಿತ ಪಾಠ.

ಕನ್ನಡ ನಾಡಿನ ಯುದ್ಧಚರಿತ್ರೆಯಲ್ಲಿಯೂ ಇದೇ ಪಾಠವಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪ ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಸುತ್ತುವರಿಯಿತು. ಯುದ್ಧದ ನಡುವೆ ಕಂಪನಿಯ ಮದ್ದಿನ ಬಂಡಿಗಳು ಸಿಡಿದುಹೋದವು. ಮೈಸೂರಿನ ಉರಿಬಾಣಗಳು ಅವಕ್ಕೆ ತಾಗಿದವೆಂದು ಹೇಳಲಾಗುತ್ತದೆ. ಬೇಲಿಯ ಪಡೆ ಅಂದು ಸಂಪೂರ್ಣವಾಗಿ ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಇಂದಿಗೂ ಇದೆ. 2018ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಸಾವಿರದಷ್ಟು ಕಬ್ಬಿಣದ ರಾಕೆಟ್ಟುಗಳು ದೊರೆತವು. ಅವುಗಳನ್ನು ನೋಡಿದವರಿಗೆ ಆಶ್ಚರ್ಯವಾಗುವುದು ಅವುಗಳ ಚಿಕ್ಕತನ. ಮೊಳದಷ್ಟೂ ಇರದ ಕೊಳವೆ. ಶತ್ರು ತನ್ನ ಜೊತೆಯಲ್ಲೇ ಹೊತ್ತು ತಂದ ಮದ್ದು ಸಿಡಿದರೆ ಚಿಕ್ಕ ಬಾಣವೊಂದರ ಕಿಡಿಯೂ ದೊಡ್ಡ ಪಡೆಯ ಕೊನೆಗೆ ಸಾಕಾಗುತ್ತದೆ.

ಇಂದಿನ ಟ್ಯಾಂಕಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ನಮ್ಮ ಸೇನೆಯಲ್ಲಿ ಅಜೇಯ ಎಂಬ ಹೆಸರಿನ ಟಿ-72, ಭೀಷ್ಮ ಎಂಬ ಹೆಸರಿನ ಟಿ-90 ಟ್ಯಾಂಕುಗಳಿವೆ. ಎರಡೂ ಮೂಲತಃ ರಷ್ಯಾದ ವಿನ್ಯಾಸ. ಎರಡರಲ್ಲೂ ಮೂವರೇ ಸಿಬ್ಬಂದಿ. ಗುಂಡು ತುಂಬುವ ನಾಲ್ಕನೆಯವನ ಬದಲು ಒಂದು ಯಂತ್ರವಿದೆ. ಆ ಯಂತ್ರದ ತಿರುಗಣೆಯಲ್ಲಿ 22 ಗುಂಡುಗಳು ಸಿಬ್ಬಂದಿಯ ಆಸನದ ಕೆಳಗೇ ವೃತ್ತಾಕಾರವಾಗಿ ಜೋಡಿಸಲ್ಪಟ್ಟಿರುತ್ತವೆ. ಇದರಿಂದ ಟ್ಯಾಂಕು ತಗ್ಗಾಗುತ್ತದೆ, ಹಗುರವಾಗುತ್ತದೆ, ಶತ್ರುವಿಗೆ ಕಾಣುವ ಗುರಿ ಚಿಕ್ಕದಾಗುತ್ತದೆ. ಎದುರಿನಿಂದ ಬರುವ ಗುಂಡಿಗೆ ಅದು ಒಳ್ಳೆಯ ಉತ್ತರ. ಆದರೆ ಮೇಲಿನಿಂದ ಬಂದ ಕ್ಷಿಪಣಿ ತೆಳುವಾದ ಛಾವಣಿಯನ್ನು ಭೇದಿಸಿ ಆ ಮದ್ದನ್ನು ಮುಟ್ಟಿತೆಂದರೆ ಹಲವು ಟನ್ ತೂಕದ ತಿರುಗು ಗೋಪುರವೇ ಕಿತ್ತು ಗಾಳಿಗೆ ಹಾರುತ್ತದೆ. ಉಕ್ರೇನಿನ ಯುದ್ಧದಲ್ಲಿ 2022ರಿಂದ ಈ ದೃಶ್ಯವನ್ನು ಜಗತ್ತು ಎಷ್ಟೋ ಸಲ ಕಂಡಿದೆ.

ಕ್ಷಿಪಣಿ ಕವಚವನ್ನು ಭೇದಿಸುವ ಬಗೆಯನ್ನು ಸರಳವಾಗಿ ಹೀಗೆ ಹೇಳಬಹುದು. ಅದರ ತಲೆಯಲ್ಲಿ ಸಾಮಾನ್ಯವಾಗಿ ತಾಮ್ರದ ಲಾಳಿಕೆಯೊಂದನ್ನು ಸಿಡಿಮದ್ದಿನ ನಡುವೆ ಕೂರಿಸಿರುತ್ತಾರೆ. ಮದ್ದು ಸಿಡಿದಾಗ ಆ ಲೋಹ ಹಿಂಡಿಕೊಂಡು, ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದ ಸಣ್ಣ ಸೂಜಿಧಾರೆಯಾಗಿ ಮುನ್ನುಗ್ಗುತ್ತದೆ. ಉಕ್ಕು ಎಷ್ಟು ದಪ್ಪವಿದ್ದರೂ ಆ ಧಾರೆಗೆ ಒಂದು ತೂತು ಸಾಕು. ಟ್ಯಾಂಕಿನ ಮುಖದ ಮೇಲೆ ಹೇರಿದಷ್ಟು ಉಕ್ಕನ್ನು ಮೇಲೆ, ಬದಿಗೆ, ಹಿಂದೆ ಹೇರಿದರೆ ಟ್ಯಾಂಕು ಚಲಿಸಲಾರದು. ಎಲ್ಲಾದರೊಂದು ಕಡೆ ತೆಳುವಾಗಿರಲೇಬೇಕು. ಜಾವೆಲಿನ್, ನಾಗ್ ಮೊದಲಾದ ಕ್ಷಿಪಣಿಗಳು ಆ ತೆಳುಭಾಗವನ್ನೇ ಹುಡುಕಿ ಮೇಲೇರಿ ಕೆಳಗೆರಗುತ್ತವೆ. ಈಗಂತೂ ಮದುವೆ ಮನೆಯಲ್ಲಿ ಫೋಟೋ ತೆಗೆಯಲು ಬಳಸುವಂಥ ಡ್ರೋನಿಗೆ ಸಿಡಿತಲೆ ಕಟ್ಟಿ ಅದೇ ಕೆಲಸವನ್ನು ಅತ್ಯಲ್ಪ ಖರ್ಚಿನಲ್ಲಿ ಮಾಡುತ್ತಿದ್ದಾರೆ.

ಇಲ್ಲಿ ವಿನ್ಯಾಸಗಾರರಿಗೆ ಒಂದು ಆಯ್ಕೆಯಿದೆ ಎಂಬುದನ್ನು ಗಮನಿಸಬೇಕು. ಅಮೆರಿಕದ ಏಬ್ರಾಮ್ಸ್ ಟ್ಯಾಂಕಿನಲ್ಲಿ ಹೆಚ್ಚಿನ ಗುಂಡುಗಳನ್ನು ಗೋಪುರದ ಹಿಂಬದಿಯ ಪ್ರತ್ಯೇಕ ಕೋಣೆಯಲ್ಲಿಟ್ಟು ನಡುವೆ ಉಕ್ಕಿನ ಬಾಗಿಲು ಹಾಕಿದ್ದಾರೆ. ಮದ್ದು ಸಿಡಿದರೆ ಆ ಕೋಣೆಯ ಮೇಲ್ಮುಚ್ಚಳ ಹಾರಿ ಬೆಂಕಿ ಹೊರಗೆ ಹೋಗುತ್ತದೆ. ಟ್ಯಾಂಕು ಹಾಳಾಗಬಹುದು, ಒಳಗಿನವನು ಬದುಕುಳಿಯುವ ಸಂಭವ ಹೆಚ್ಚು. ಇದಕ್ಕೆ ತೂಕ ಹೆಚ್ಚು, ಬೆಲೆ ಹೆಚ್ಚು, ಇಂಧನ ಹೆಚ್ಚು. ಆದ್ದರಿಂದ ವಾಹನದೊಳಗಿನ ಜೀವಕ್ಕೆ ಎಷ್ಟು ಬೆಲೆ ಕಟ್ಟಿದ್ದೇವೆ ಎಂಬುದು ಕಾರ್ಖಾನೆಯ ನಕ್ಷೆಯಲ್ಲಿಯೇ, ಯುದ್ಧಕ್ಕೆ ಎಷ್ಟೋ ವರ್ಷ ಮೊದಲೇ, ನಿಶ್ಚಯವಾಗಿರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕಾನೂನಿನ ಪ್ರಶ್ನೆ ಬಂದಾಗ ಇದೇ ಮುಖ್ಯವಾಗುತ್ತದೆ.

ನೆಲದಿಂದ ಕಡಲಿಗೆ ಬರೋಣ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಹಳೆಯ ಕ್ಷಿಪಣಿ ದೋಣಿಯನ್ನು ಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಪ್ರವಾಸಕ್ಕೆ ಹೋದವರು ಒಳಹೊಕ್ಕು ನೋಡಿರಬಹುದು. ತೂಕ 250 ಟನ್ನಿಗಿಂತ ಕಡಿಮೆ. ಇದೇ ಜಾತಿಯ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗಡಲಿಗೆ ಹೋಗಿ ಕ್ಷಿಪಣಿಗಳನ್ನು ಬಿಟ್ಟವು. ತಮಗಿಂತ ಸುಮಾರು ಹತ್ತು ಪಟ್ಟು ತೂಕದ ಖೈಬರ್ ಎಂಬ ವಿಧ್ವಂಸಕ ನೌಕೆ ಮುಳುಗಿತು. ಬಂದದ್ದು ಕ್ಷಿಪಣಿಯೆಂಬುದು ಖೈಬರಿನವರಿಗೆ ತಿಳಿಯಲೇ ಇಲ್ಲ. ಶತ್ರು ವಿಮಾನ ದಾಳಿ ಮಾಡಿದೆ ಎಂದೇ ಅವರು ಕೊನೆಯ ಸಂದೇಶ ಕಳಿಸಿದರು. ಆ ರಾತ್ರಿಯ ನೆನಪಿಗೆ ನಾವು ಡಿಸೆಂಬರ್ 4ನ್ನು ನೌಕಾಪಡೆಯ ದಿನವೆಂದು ಆಚರಿಸುತ್ತೇವೆ.

ಆ ವಿದ್ಯೆ ನಮ್ಮದೇ ಆವಿಷ್ಕಾರವಲ್ಲ. ನಾಲ್ಕು ವರ್ಷ ಮುಂಚೆ, 1967ರ ಅಕ್ಟೋಬರ್ 21ರಂದು, ಈಜಿಪ್ಟಿನ ಸಣ್ಣ ದೋಣಿಗಳು ಪೋರ್ಟ್ ಸಯೀದ್ ಬಂದರಿನಿಂದಲೇ ಅದೇ ಬಗೆಯ ಕ್ಷಿಪಣಿ ಬಿಟ್ಟು ಇಸ್ರೇಲಿನ ಐಲಾತ್ ನೌಕೆಯನ್ನು ಮುಳುಗಿಸಿದ್ದವು. 47 ನಾವಿಕರು ಮಡಿದರು. ಸಣ್ಣದು ದೊಡ್ಡದನ್ನು ಮುಳುಗಿಸಬಲ್ಲದೆಂಬುದು ಅಂದೇ ಸಿದ್ಧವಾಯಿತು. ನಾವು ಕರಾಚಿಯಲ್ಲಿ ಆ ಪಾಠವನ್ನು ಶತ್ರುವಿಗೆ ಕಲಿಸಿದೆವು. ಪಾಠ ಕಲಿಸಿದವರು ಅದು ತಮಗೂ ಅನ್ವಯಿಸುತ್ತದೆಂಬುದನ್ನು ಮರೆಯಬಾರದು.

ಏಕೆಂದರೆ ಚಪಲ್ ನಿಂತಿರುವ ಜಾಗದಿಂದ ಕೆಲವೇ ಮೈಲಿ ದೂರದಲ್ಲಿ ಕದಂಬ ನೌಕಾನೆಲೆಯಿದೆ. ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಡ ಬಿಟ್ಟುಕೊಟ್ಟು ಎದ್ದುಹೋದ ಮೇಲೆ ನಿರ್ಮಾಣವಾದ ನೆಲೆ. 1986ರಲ್ಲಿ ಶಂಕುಸ್ಥಾಪನೆ, 2005ರ ಮೇ 31ರಂದು ಸೇವೆಗೆ ಅರ್ಪಣೆ. ನಮ್ಮ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಅಲ್ಲಿಯದು. ಅದರ ತೂಕ ಸುಮಾರು 45 ಸಾವಿರ ಟನ್. ಅದರಲ್ಲಿ ಸಾವಿರಕ್ಕೂ ಹೆಚ್ಚು ಜನ ಇರುತ್ತಾರೆ. ತೇಲುವ ಒಂದು ಊರು ಅದು.

ಅಂಥ ನೌಕೆಗೆ ಕ್ಷಿಪಣಿಯಿಂದ ಸಿಗುವ ಅವಕಾಶವೆಷ್ಟು ಎಂಬ ಲೆಕ್ಕವನ್ನು ಶಾಲೆಯ ಗಣಿತದಿಂದಲೇ ಹಾಕಬಹುದು. ಭೂಮಿ ದುಂಡಗಿದೆ. 30 ಮೀಟರ್ ಎತ್ತರದ ಕಂಬದ ಮೇಲಿನ ರೇಡಾರು, ನೀರಿನಿಂದ 10 ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿಯನ್ನು ಸುಮಾರು 35 ಕಿಲೋಮೀಟರ್ ದೂರದಲ್ಲಿ ಮೊದಲ ಬಾರಿ ಕಾಣಬಲ್ಲದು. ಅದಕ್ಕಿಂತ ಆಚೆ ದಿಗಂತದ ಮರೆ. ಕ್ಷಿಪಣಿಯ ವೇಗ ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆಯಾಗಿದ್ದರೆ ಹಡಗಿಗೆ ಎರಡು ನಿಮಿಷ ಸಿಗುತ್ತದೆ. ನಮ್ಮದೇ ಬ್ರಹ್ಮೋಸಿನಂತೆ ಶಬ್ದದ 2.8 ಪಟ್ಟು ವೇಗವಾದರೆ ಸಿಗುವುದು ಸುಮಾರು 37 ಸೆಕೆಂಡು. ಆ 37 ಸೆಕೆಂಡಿನಲ್ಲಿ ಕಾಣಬೇಕು, ಶತ್ರುವಿನದೆಂದು ನಿಶ್ಚಯಿಸಬೇಕು, ಎದುರುಬಾಣ ಬಿಡಬೇಕು, ಅದು ತಾಗದಿದ್ದರೆ ಇನ್ನೊಂದು ಬಿಡಬೇಕು. ಆಕಾಶದಲ್ಲಿ ಹಾರುವ ರೇಡಾರು ವಿಮಾನವೋ ಜೊತೆಯ ಹಡಗೋ ಮೊದಲೇ ಎಚ್ಚರಿಸಿದರೆ ಈ ಕಾಲ ಹೆಚ್ಚುತ್ತದೆ. ಒಂಟಿ ಹಡಗಿಗೆ ಆ ಭಾಗ್ಯವಿಲ್ಲ.

ಮತ್ತೆ ಅದೇ ಮಾತು: ಮುಳುಗಿಸುವುದು ಹೆಚ್ಚಾಗಿ ಹೊರಗಿನ ಬಾಣವಲ್ಲ, ಒಳಗಿನ ಬೆಂಕಿ. 1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ನೌಕೆಗೆ ಒಂದೇ ಒಂದು ಎಕ್ಸೋಸೆಟ್ ಕ್ಷಿಪಣಿ ತಾಗಿತು. ಬೆಂಕಿ ಆರಿಸುವ ನೀರಿನ ಕೊಳವೆಯೇ ಒಡೆದುಹೋಯಿತು. 20 ಜನ ಸತ್ತರು, ಆರು ದಿನಗಳ ನಂತರ ಎಳೆದೊಯ್ಯುವಾಗ ಹಡಗು ಮುಳುಗಿತು. 2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ರಷ್ಯಾದ ಮಾಸ್ಕ್ವಾ ಎಂಬ ನಾಯಕ ನೌಕೆ ಮುಳುಗಿತು. ಎರಡು ಕ್ಷಿಪಣಿಗಳಿಂದ ಹೊಡೆದೆವೆಂದು ಉಕ್ರೇನು ಹೇಳಿತು. ಬೆಂಕಿಯಿಂದ ಮದ್ದು ಸಿಡಿಯಿತೆಂದು ರಷ್ಯಾ ಹೇಳಿತು. ಎರಡು ಹೇಳಿಕೆಗಳಲ್ಲಿಯೂ ಬೆಂಕಿ ಮಾತ್ರ ಸಾಮಾನ್ಯ. ನಮ್ಮಲ್ಲಿಯೇ 2013ರ ಆಗಸ್ಟ್ 14ರಂದು ಮುಂಬಯಿಯ ಹಡಗುಕಟ್ಟೆಯಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿ ಶತ್ರುವೇ ಇಲ್ಲದೆ ತನ್ನ ಒಡಲಿನ ಆಯುಧಗಳ ಸ್ಫೋಟಕ್ಕೆ ಬಲಿಯಾಗಿ 18 ಮಂದಿ ತೀರಿಕೊಂಡರು. 2019ರ ಏಪ್ರಿಲ್ 26ರಂದು ವಿಕ್ರಮಾದಿತ್ಯವು ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಬೆಂಕಿ ಹೊತ್ತಿ, ಅದನ್ನು ಆರಿಸಲು ಮುಂದಾದ ಅಧಿಕಾರಿಯೊಬ್ಬರು ಪ್ರಾಣ ತೆತ್ತರು.

ಇನ್ನೂ ಒಂದು ಸಂಗತಿಯಿದೆ. ರಕ್ಷಣೆಯ ಸಾಧನವಿದ್ದ ಮಾತ್ರಕ್ಕೆ ರಕ್ಷಣೆಯಿದೆ ಎನ್ನಲಾಗದು. 1987ರ ಮೇ 17ರಂದು ಪರ್ಷಿಯಾ ಕೊಲ್ಲಿಯಲ್ಲಿ ಅಮೆರಿಕದ ಸ್ಟಾರ್ಕ್ ನೌಕೆಗೆ ಎರಡು ಕ್ಷಿಪಣಿಗಳು ತಾಗಿ 37 ನಾವಿಕರು ಸತ್ತರು. ಕ್ಷಿಪಣಿಗಳನ್ನು ಹೊಡೆದುರುಳಿಸಬಲ್ಲ ಫಿರಂಗಿ ಹಡಗಿನ ಮೇಲಿತ್ತು, ಅದು ಒಂದು ಗುಂಡನ್ನೂ ಹಾರಿಸಲಿಲ್ಲ. 2006ರ ಜುಲೈ 14ರಂದು ಲೆಬನಾನಿನ ಕರಾವಳಿಯಲ್ಲಿ ಇಸ್ರೇಲಿನ ಹನಿತ್ ನೌಕೆಗೆ ಕ್ಷಿಪಣಿ ತಾಗಿ ನಾಲ್ವರು ಸತ್ತಾಗಲೂ ಅದರ ಬರಾಕ್ ರಕ್ಷಣಾ ವ್ಯವಸ್ಥೆ ಚಾಲೂ ಇರಲಿಲ್ಲ. ಕಬ್ಬಿಣದ ಬಾಗಿಲು ಮಾಡಿಸಿ ಚಿಲಕ ಹಾಕದೆ ಮಲಗಿದಂತೆ. ಸಾಧನ, ತರಬೇತಿ, ಎಚ್ಚರ, ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ವ್ಯರ್ಥ.

ಖರ್ಚಿನ ಲೆಕ್ಕವೂ ತಲೆಕೆಳಗಾಗಿದೆ. 2023ರ ನವೆಂಬರ್‌ನಿಂದ ಯೆಮೆನಿನ ಹೌತಿಗಳು ಕೆಂಪು ಸಮುದ್ರದಲ್ಲಿ ಅಗ್ಗದ ಡ್ರೋನು ಮತ್ತು ಕ್ಷಿಪಣಿಗಳಿಂದ ವ್ಯಾಪಾರಿ ಹಡಗುಗಳನ್ನು ಕಾಡಿದರು. ಅವುಗಳನ್ನು ತಡೆಯಲು ದೊಡ್ಡ ರಾಷ್ಟ್ರಗಳು ಒಂದೊಂದಕ್ಕೂ ಹಲವು ಕೋಟಿ ರೂಪಾಯಿ ಬೆಲೆಯ ಎದುರುಕ್ಷಿಪಣಿ ಸುರಿಯಬೇಕಾಯಿತು. 2024ರ ಜನವರಿಯಲ್ಲಿ ಮಾರ್ಲಿನ್ ಲುವಾಂಡಾ ಎಂಬ ತೈಲವಾಹಕಕ್ಕೆ ಕ್ಷಿಪಣಿ ತಾಗಿದಾಗ ಅದರಲ್ಲಿ 22 ಭಾರತೀಯ ನಾವಿಕರಿದ್ದರು. ನಮ್ಮ ನೌಕಾಪಡೆಯ ವಿಶಾಖಪಟ್ಟಣಂ ನೌಕೆ ಹೋಗಿ ಬೆಂಕಿ ಆರಿಸಲು ನೆರವಾಯಿತು. ಆ ಹಡಗು ಕಾದಾಡಲು ಹೋದದ್ದಲ್ಲ, ಸರಕು ಸಾಗಿಸುತ್ತಿತ್ತು. ಕ್ಷಿಪಣಿ ಅಗ್ಗವಾದಷ್ಟೂ ಯುದ್ಧದ ಗಡಿ ಹಿಗ್ಗುತ್ತದೆ.

ಹಾಗಾದರೆ ಟ್ಯಾಂಕು, ಹಡಗುಗಳ ಕಾಲ ಮುಗಿಯಿತೇ? ಒಂದು ಪಕ್ಷದ ವಾದ ಕೇಳಿ ತೀರ್ಪು ಬರೆಯುವುದು ನನ್ನ ವೃತ್ತಿಗೆ ಒಪ್ಪುವುದಿಲ್ಲ. 1973ರಲ್ಲಿ ಸಿನಾಯಿಯ ಮರಳಿನಲ್ಲಿ ಈಜಿಪ್ಟಿನ ಪದಾತಿಗಳು ಸೂಟ್‌ಕೇಸಿನಂಥ ಪೆಟ್ಟಿಗೆಯಿಂದ ಸ್ಯಾಗರ್ ಕ್ಷಿಪಣಿ ಬಿಟ್ಟು ಇಸ್ರೇಲಿನ ಟ್ಯಾಂಕುಗಳನ್ನು ಸುಟ್ಟಾಗಲೂ ಟ್ಯಾಂಕಿನ ಕಾಲ ಮುಗಿಯಿತೆಂದು ಪತ್ರಿಕೆಗಳು ಬರೆದವು. ಮುಗಿಯಲಿಲ್ಲ. ಇಸ್ರೇಲೇ ಮುಂದೆ ಸಿಬ್ಬಂದಿಯ ರಕ್ಷಣೆಗಾಗಿ ಇಂಜಿನ್ನನ್ನು ಮುಂದಿಟ್ಟು ಮೆರ್ಕಾವಾ ಟ್ಯಾಂಕನ್ನು ಕಟ್ಟಿತು, ಬರುವ ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆಯುವ ಟ್ರೋಫಿ ಎಂಬ ಸಾಧನವನ್ನು ಅದಕ್ಕೆ ಅಳವಡಿಸಿತು. ಉಕ್ರೇನು ಇಷ್ಟೆಲ್ಲ ನೋಡಿಯೂ ಮಿತ್ರರಾಷ್ಟ್ರಗಳಲ್ಲಿ ಟ್ಯಾಂಕನ್ನೇ ಬೇಡಿತು. ನೆಲವನ್ನು ಹಿಡಿಯಲು ಟ್ಯಾಂಕು ಬೇಕು, ಕಡಲಿನ ದಾರಿ ಕಾಯಲು ಹಡಗು ಬೇಕು. 1948ರಲ್ಲಿ ಉಮರ್ಗಾದ ದಾರಿಯಲ್ಲಿ ಆ ವಾಹನಗಳು ಬರದಿದ್ದರೆ ನಮ್ಮ ಹಿರಿಯರು ರಜಾಕಾರರ ಕೈಯಲ್ಲಿ ಇನ್ನೆಷ್ಟು ದಿನ ನರಳಬೇಕಿತ್ತೋ!

ಬೇಡವಾದದ್ದು ವಾಹನವಲ್ಲ, ದಪ್ಪ ಗೋಡೆಯ ಮೇಲಿನ ಕುರುಡು ನಂಬಿಕೆ. ಕಿಲ್ಲಾರಿಯ ನಂತರ ಸರ್ಕಾರ ಜನರಿಗೆ ಮನೆಯೇ ಬೇಡವೆನ್ನಲಿಲ್ಲ. ಗೋಡೆ ಹೇಗಿರಬೇಕು, ಸಿಮೆಂಟಿನ ಪಟ್ಟಿ ಎಲ್ಲಿ ಹಾಯಬೇಕು, ಮಾಳಿಗೆ ಎಷ್ಟು ಹಗುರವಾಗಿರಬೇಕು ಎಂದು ಇಂಜಿನಿಯರರನ್ನು ಕೂರಿಸಿ ನಿಯಮ ಮಾಡಿತು, ಹೊಸ ಊರುಗಳನ್ನು ಕಟ್ಟಿತು. ಸೈನಿಕನ ವಾಹನದ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳುವವರು ಯಾರು? ಅವನು ಕೇಳುವಂತಿಲ್ಲ, ಆಜ್ಞೆಯಾದ ಮೇಲೆ ಹತ್ತಲೇಬೇಕು. ನಮ್ಮ ರಾಜ್ಯದ ಗಡಚಿರೋಲಿಯಲ್ಲಿ 2019ರ ಮೇ 1ರಂದು, ಮಹಾರಾಷ್ಟ್ರ ದಿನದಂದೇ, 15 ಪೊಲೀಸರು ಮಡಿದಾಗ ಅವರು ಸಾಗುತ್ತಿದ್ದದ್ದು ಒಂದು ಖಾಸಗಿ ವಾಹನದಲ್ಲಿ. ಅದೇ ವರ್ಷ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ 40 ಮಂದಿ ಸಾಗುತ್ತಿದ್ದದ್ದು ಬಸ್ಸಿನಲ್ಲಿ. ಅವರಲ್ಲಿ ಮಂಡ್ಯ ಜಿಲ್ಲೆಯ ಗುಡಿಗೆರೆಯ ಯುವಕನೂ ಇದ್ದ. ಅಲ್ಲಿ ಬಂದದ್ದು ಕ್ಷಿಪಣಿಯಲ್ಲ, ನೆಲಬಾಂಬು ಮತ್ತು ಮದ್ದು ತುಂಬಿದ ಕಾರು. ಆದರೂ ಪ್ರಶ್ನೆ ಒಂದೇ.

ಕಾನೂನಿನಲ್ಲಿ ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ಇರಾಕಿನಲ್ಲಿ ಬ್ರಿಟಿಷ್ ಸೈನಿಕರನ್ನು ಸ್ನ್ಯಾಚ್ ಎಂಬ ಹಗುರ ಕವಚದ ಲ್ಯಾಂಡ್ ರೋವರುಗಳಲ್ಲಿ ಕಳಿಸಲಾಗುತ್ತಿತ್ತು. ರಸ್ತೆಬದಿಯ ಬಾಂಬಿಗೆ ಅವು ತಡೆಯಲಿಲ್ಲ. ಸತ್ತವರ ಮನೆಯವರು ರಕ್ಷಣಾ ಸಚಿವಾಲಯದ ಮೇಲೆ ದಾವೆ ಹೂಡಿದರು. ಯುದ್ಧಭೂಮಿಯ ವಿಷಯ ನ್ಯಾಯಾಲಯಕ್ಕೆ ಸಂಬಂಧಿಸಿದ್ದಲ್ಲ ಎಂದು ಸರ್ಕಾರ ವಾದಿಸಿತು. 2013ರ ಜೂನ್ 19ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಆ ವಾದವನ್ನು ಪೂರ್ಣವಾಗಿ ಒಪ್ಪಲಿಲ್ಲ. ಗುಂಡು ಹಾರುತ್ತಿರುವಾಗ ಸೇನಾಧಿಕಾರಿ ತೆಗೆದುಕೊಂಡ ನಿರ್ಧಾರವನ್ನು ನ್ಯಾಯಾಲಯ ತೂಗುವುದಿಲ್ಲ. ಆದರೆ ಕಚೇರಿಯಲ್ಲಿ ಕುಳಿತು, ಸಮಯವಿದ್ದು, ಯಾವ ವಾಹನ ಕೊಳ್ಳಬೇಕು, ಯಾವ ತರಬೇತಿ ಕೊಡಬೇಕು ಎಂದು ಮಾಡಿದ ನಿರ್ಧಾರವನ್ನು ವಿಚಾರಣೆಯಿಲ್ಲದೆ ತಳ್ಳಿಹಾಕಲಾಗದು ಎಂಬುದು ಅದರ ಸಾರ. 2017ರಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವರು ಉತ್ತಮ ವಾಹನ ಒದಗಿಸಲು ತಡವಾದುದಕ್ಕೆ ಕ್ಷಮೆ ಕೇಳಿದರು.

ನಮ್ಮ ದೇಶದಲ್ಲಿ? ಸಂವಿಧಾನದ 33ನೇ ವಿಧಿಯು ಸೈನಿಕರ ಮೂಲಭೂತ ಹಕ್ಕುಗಳನ್ನು ಶಿಸ್ತಿಗಾಗಿ, ಕರ್ತವ್ಯಪಾಲನೆಗಾಗಿ ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಸಾರ್ವಭೌಮ ಕಾರ್ಯದಲ್ಲಿ ಸರ್ಕಾರ ಹೊಣೆಯಲ್ಲ ಎಂಬ ಹಳೆಯ ಸಿದ್ಧಾಂತವನ್ನು 1964ರ ಕಸ್ತೂರಿಲಾಲ್ ತೀರ್ಪು ಗಟ್ಟಿಮಾಡಿತ್ತು. ಆದರೆ 1993ರ ನೀಲಾಬತಿ ಬೆಹರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಿಸುವ ಹಕ್ಕಿನ ಉಲ್ಲಂಘನೆಗೆ ಆ ರಕ್ಷಾಕವಚ ಸಲ್ಲದೆಂದಿತು. ಕಾನೂನಿನ ದಪ್ಪ ಗೋಡೆಯಲ್ಲಿಯೂ ಹೀಗೆ ಒಂದು ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ಒಬ್ಬ ವಾಯುಪಡೆಯ ಅಧಿಕಾರಿ ಒಳಗೆ ಬಂದರು. 2005ರಲ್ಲಿ ಅವರ ಮಿಗ್-21 ವಿಮಾನ ಹಾರಿದ ಸ್ವಲ್ಪ ಹೊತ್ತಿಗೆ ಹೊತ್ತಿಕೊಂಡು ಬಿತ್ತು. ಅವರು ಬದುಕಿದರು, ಆದರೆ ಮತ್ತೆ ಯುದ್ಧವಿಮಾನ ಹಾರಿಸಲಾಗದಂತೆ ದೇಹ ಜಖಂಗೊಂಡಿತು. ದೋಷ ತಯಾರಿಕೆಯದು ಎಂದು ತಿಳಿಯಲು ಅವರು ವರ್ಷಗಟ್ಟಲೆ ದಾಖಲೆಗಳ ಬೆನ್ನುಹತ್ತಬೇಕಾಯಿತು. 2017ರ ಮೇ ತಿಂಗಳಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಸುರಕ್ಷಿತ ಸಾಧನಗಳೊಂದಿಗೆ ಕೆಲಸ ಮಾಡುವ ಹಕ್ಕು ಸೈನಿಕನಿಗೂ 21ನೇ ವಿಧಿಯಡಿ ಇದೆಯೆಂದು ಹೇಳಿ, ಕೇಂದ್ರ ಸರ್ಕಾರ ಮತ್ತು ವಿಮಾನ ತಯಾರಿಸಿದ ಬೆಂಗಳೂರಿನ ಎಚ್‌ಎಎಲ್ ಸೇರಿ 55 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಸೈನ್ಯಕ್ಕೆ ಸೇರುವವನು ಶತ್ರುವಿನ ಅಪಾಯವನ್ನು ಒಪ್ಪಿಕೊಂಡಿರುತ್ತಾನೆ, ತನ್ನವರು ಕೊಟ್ಟ ದೋಷಪೂರಿತ ಯಂತ್ರದ ಅಪಾಯವನ್ನಲ್ಲ ಎಂಬುದು ಆ ತೀರ್ಪಿನಿಂದ ನಾನು ಗ್ರಹಿಸುವ ತಿರುಳು.

ಇದು ನಮ್ಮ ಹಳ್ಳಿಗಳ ಮಾತು ಏಕೆ ಎಂದು ಯಾರಾದರೂ ಕೇಳಬಹುದು. ಮಳೆ ಕೈಕೊಟ್ಟ ವರ್ಷ, ಸೋಯಾ ಬೆಲೆ ಬಿದ್ದ ವರ್ಷ, ಈ ಸೀಮೆಯ ಹುಡುಗರು ನಸುಕಿನಲ್ಲೆದ್ದು ರಸ್ತೆಯ ಮೇಲೆ ಓಡುವುದನ್ನು ನಾವೆಲ್ಲ ನೋಡುತ್ತೇವೆ. ಭರ್ತಿಗಾಗಿ ಓಡುತ್ತಾರೆ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯ ಪ್ರಕಾರ ಅವರು ನಾಲ್ಕು ವರ್ಷಕ್ಕೆ ಸೇರುತ್ತಾರೆ. ಕರ್ತವ್ಯದಲ್ಲಿ ಮಡಿದರೆ 48 ಲಕ್ಷದ ವಿಮೆ, ಇತರ ಒಂದಷ್ಟು ಹಣ ಮನೆಗೆ ಬರುತ್ತದೆ. ಕಾಯಂ ಸೈನಿಕನ ಮನೆಯವರಿಗೆ ಸಿಗುವಂಥ ಕುಟುಂಬ ಪಿಂಚಣಿ ಇಲ್ಲ. ಟ್ಯಾಂಕಿನ ಗೋಪುರಕ್ಕೆ ಎರಗುವ ಕ್ಷಿಪಣಿ ಒಳಗಿರುವವನು ಕಾಯಂ ಸೈನಿಕನೋ ಅಗ್ನಿವೀರನೋ ಎಂದು ಕೇಳುವುದಿಲ್ಲ. ಅಪಾಯ ಸಮಾನವಾದ ಮೇಲೆ ಆಸರೆ ಅಸಮಾನವಾಗುವುದು ನ್ಯಾಯವೇ ಎಂಬುದು ಸಂಸತ್ತು ಉತ್ತರಿಸಬೇಕಾದ ಪ್ರಶ್ನೆ.

ಹಾಗೆಂದು ರಕ್ಷಣೆಯ ಗುಟ್ಟುಗಳನ್ನೆಲ್ಲ ಬೀದಿಗೆ ತರಬೇಕೆಂದು ನಾನು ವಾದಿಸುವುದಿಲ್ಲ. ಯಾವ ಹಡಗಿನ ರೇಡಾರು ಎಷ್ಟು ದೂರ ನೋಡುತ್ತದೆ ಎಂಬುದು ಗುಟ್ಟಾಗಿಯೇ ಇರಲಿ. ಆದರೆ ಕೊಂಡ ವಾಹನ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೇ, ಬೆಂಕಿ ಆರಿಸುವ ಸಾಧನ ಕೆಲಸ ಮಾಡಿತೇ, ಹಿಂದಿನ ಅಪಘಾತದ ಶಿಫಾರಸು ಜಾರಿಯಾಯಿತೇ ಎಂಬುದು ಶತ್ರುವಿಗಿಂತ ಮೊದಲು ನಮ್ಮ ಸಂಸತ್ತಿಗೆ ತಿಳಿದಿರಬೇಕು. ಮಹಾಲೇಖಪಾಲರು ಇರುವುದು, ಲೋಕಲೆಕ್ಕಪತ್ರ ಸಮಿತಿ ಇರುವುದು ಅದಕ್ಕಾಗಿಯೇ. ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮು ದೇಶದ ಭದ್ರತೆಯ ಮಾಹಿತಿಗೆ ವಿನಾಯಿತಿ ಕೊಡುತ್ತದೆ ನಿಜ. ಅದೇ ಕಲಮಿನ ಎರಡನೆಯ ಉಪಕಲಮು ಸಾರ್ವಜನಿಕ ಹಿತ ಹೆಚ್ಚಾಗಿದ್ದರೆ ಮಾಹಿತಿ ಕೊಡಬಹುದೆಂದೂ ಹೇಳುತ್ತದೆ. ಮೊದಲನೆಯದನ್ನು ಓದುವ ಕಚೇರಿಗಳು ಎರಡನೆಯದನ್ನೂ ಓದಬೇಕು.

ಮಗನನ್ನು ಸೈನ್ಯಕ್ಕೆ ಕಳಿಸಿದ ತಂದೆತಾಯಿಗಳಿಗೆ ಎರಡು ವ್ಯಾವಹಾರಿಕ ಮಾತು. ಏನಾದರೂ ಅವಘಡವಾದರೆ ಸೇನೆ ತನ್ನೊಳಗೆ ಒಂದು ವಿಚಾರಣೆ ನಡೆಸುತ್ತದೆ, ಅದಕ್ಕೆ ಕೋರ್ಟ್ ಆಫ್ ಎನ್‌ಕ್ವಯರಿ ಎನ್ನುತ್ತಾರೆ. ಅದರ ನಿರ್ಣಯವೇನು, ಮರಣ ಕರ್ತವ್ಯಸಂಬಂಧಿ ಎಂದು ದಾಖಲಾಗಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಮುಂದಿನ ಎಲ್ಲ ಹಕ್ಕುಗಳೂ ಆ ಒಂದು ವಾಕ್ಯದ ಮೇಲೆ ನಿಲ್ಲುತ್ತವೆ. ಪಿಂಚಣಿ ಮತ್ತು ಸೇವಾ ವಿಷಯಗಳ ವ್ಯಾಜ್ಯಕ್ಕೆ 2007ರ ಕಾಯ್ದೆಯ ಪ್ರಕಾರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ, ಅದರ ಪೀಠ ಮುಂಬಯಿಯಲ್ಲಿಯೂ ಇದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯನ್ನು ಮೊದಲು ಕಾಣುವುದು ಒಳ್ಳೆಯದು. ಕಾಗದಗಳು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಬರುತ್ತವೆ. ಓದಲು ಬಾರದ ಕನ್ನಡ ತಾಯಿ ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಊರಿನ ತಿಳಿದವರೊಬ್ಬರಿಂದ ಓದಿಸಿ ಕೇಳಲಿ. ಇಷ್ಟು ನೆರವಾಗುವುದು ನಮ್ಮಂಥವರ ಧರ್ಮ.

ಶತ್ರುವಿನ ಬಾಣವನ್ನು ನಾವು ತಡೆಯಲಾಗದಿರಬಹುದು. 37 ಸೆಕೆಂಡಿನಲ್ಲಿ ಏನು ಮಾಡಬೇಕೆಂದು ನಾವಿಕನಿಗೆ ಹೇಳಿಕೊಡುವ ಯೋಗ್ಯತೆ ನಮಗಿಲ್ಲ. ಆದರೆ ಆ 37 ಸೆಕೆಂಡಿಗೆ ಮುಂಚಿನ ವರ್ಷಗಳು ನಾಗರಿಕರಾದ ನಮ್ಮವು. ಯಾವ ವಾಹನ ಕೊಳ್ಳಲಾಯಿತು, ಅದರೊಳಗೆ ಮದ್ದು ಎಲ್ಲಿದೆ, ಮನುಷ್ಯ ಎಲ್ಲಿ ಕೂರುತ್ತಾನೆ, ನಡುವೆ ಬಾಗಿಲಿದೆಯೇ ಎಂದು ಆ ವರ್ಷಗಳಲ್ಲಿ ಕೇಳಬೇಕು. ನಮ್ಮ ಮತ ಕೇಳಲು ಬರುವವರನ್ನು, ಸಂಸತ್ತಿಗೆ ಹೋಗುವವರನ್ನು ಕೇಳಬೇಕು. ಮಾಳಿಗೆ ಕುಸಿದ ಮೇಲೆ ಗೋಡೆಯ ದಪ್ಪ ಅಳೆದು ಪ್ರಯೋಜನವಿಲ್ಲವೆಂಬುದು ತೇರಣೆಯ ದಂಡೆಯ ಜನರಿಗೆ ಇನ್ನೊಬ್ಬರು ಹೇಳಬೇಕಾದ ಮಾತಲ್ಲ.